‘ಶ್ರೀಲಂಕಾ ಆಗುತ್ತೆ’ ಅನ್ನುವ ಮುಂಚೆ

2025ರ ಯುಗಾದಿಗೆ ತಿಪಟೂರಿಗೆ ಹೋಗಿದ್ದೆ. ಹೋಳಿಗೆ ಊಟ ಮುಗಿಸಿ ಜಗುಲಿ ಮೇಲೆ ಕೂತಿದ್ದಾಗ ನಮ್ಮ ಭಾವ ಹೇಳಿದರು: "ಹಿಂಗೇ ಪುಕ್ಕಟೆ ಕೊಡ್ತಾ ಹೋದ್ರೆ ನಮ್ಮ ರಾಜ್ಯನೂ ಶ್ರೀಲಂಕಾ ಆಗುತ್ತೆ ನೋಡಿ." ಪಕ್ಕದಲ್ಲಿದ್ದ ಇಬ್ಬರು ಹೌದೌದು ಅಂದರು. ಈ ಮಾತು ನನಗೆ ಹೊಸದಲ್ಲ. 2023ರ ಚುನಾವಣೆಯಿಂದ ಫೋನಿನಲ್ಲೂ ವಾಟ್ಸಾಪ್‌ನಲ್ಲೂ ಕೇಳುತ್ತಲೇ ಇದ್ದೇನೆ. ಅವತ್ತು ಹಬ್ಬದ ದಿನ ವಾದ ಬೇಡ ಅಂತ ಸುಮ್ಮನಿದ್ದೆ. ಈಗ ಹೇಳುತ್ತೇನೆ.

ನಾನು ಆ ಶ್ರೀಲಂಕಾದಲ್ಲೇ ಇರುವವನು. 2017ರಿಂದ ಕೊಲಂಬೊದ ಪಕ್ಕ ಮನೆ ಮಾಡಿಕೊಂಡಿದ್ದೇನೆ. ಬಟ್ಟೆ ಹೊಲಿದು ರಫ್ತು ಮಾಡುವ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಹಾಗಾಗಿ 2022ರಲ್ಲಿ ಈ ದೇಶದ ಆರ್ಥಿಕತೆ ಕುಸಿದದ್ದನ್ನು ಟಿವಿಯಲ್ಲಿ ನೋಡಲಿಲ್ಲ, ಸಂಬಳದ ಚೀಟಿಯಲ್ಲಿ ನೋಡಿದೆ, ಪೆಟ್ರೋಲ್ ಬಂಕಿನ ಮುಂದೆ ನೋಡಿದೆ. ನಾನು ಕಂಡ ಮಟ್ಟಿಗೆ, ಬಡವರಿಗೆ ಕೊಟ್ಟು ಮುಳುಗಿದ ದೇಶ ಇದಲ್ಲ. ಉಳ್ಳವರಿಂದ ತಗೊಳ್ಳೋದನ್ನು ಬಿಟ್ಟು ಮುಳುಗಿದ ದೇಶ.

2019ರ ನವೆಂಬರಿನಲ್ಲಿ ಗೋಟಬಯ ರಾಜಪಕ್ಸ ಅಧ್ಯಕ್ಷರಾದರು. ಆ ವರ್ಷದ ಏಪ್ರಿಲ್‌ನಲ್ಲಿ ಈಸ್ಟರ್ ದಿನದ ಬಾಂಬ್ ದಾಳಿ ಆಗಿತ್ತು, ಪ್ರವಾಸಿಗರು ಕಡಿಮೆಯಾಗಿದ್ದರು, ವ್ಯಾಪಾರ ಮಂಕಾಗಿತ್ತು. ತೆರಿಗೆ ಇಳಿಸಿದರೆ ಎಲ್ಲ ಚಿಗುರುತ್ತೆ ಅಂತ ಗೆದ್ದವರು ನಂಬಿದ್ದರು. ಗೆದ್ದ ಎರಡೇ ವಾರದಲ್ಲಿ ವ್ಯಾಟ್ (ಸಾಮಾನು ಕೊಂಡಾಗ ಬೀಳುವ ತೆರಿಗೆ, ನಮ್ಮ ಜಿಎಸ್‌ಟಿ ಥರ) ಶೇ 15ರಿಂದ ಶೇ 8ಕ್ಕೆ ಇಳಿಯಿತು. ವರ್ಷಕ್ಕೆ 1.2 ಕೋಟಿ ವಹಿವಾಟು ದಾಟಿದವರು ವ್ಯಾಟ್ ಕಟ್ಟಬೇಕು ಅಂತ ಇದ್ದದ್ದನ್ನು 30 ಕೋಟಿಗೆ ಏರಿಸಿದರು. 30 ಕೋಟಿ! ಲಂಕಾ ರೂಪಾಯಿಯೇ ಆದರೂ, ಕೊಲಂಬೊದ ಎಷ್ಟೋ ದೊಡ್ಡ ಅಂಗಡಿಗಳು ಒಂದೇ ಏಟಿಗೆ ಲೆಕ್ಕದಿಂದ ಹೊರಗೆ ಹೋದವು. ಸಂಬಳದಲ್ಲೇ ಹಿಡಿಯುತ್ತಿದ್ದ ತೆರಿಗೆಯನ್ನೂ ತೆಗೆದುಬಿಟ್ಟರು. ವರ್ಷಕ್ಕೆ 30 ಲಕ್ಷದವರೆಗೆ ಆದಾಯ ತೆರಿಗೆಯೇ ಇಲ್ಲ ಅಂದರು.

2020ರ ಜನವರಿಯಲ್ಲಿ ನಮ್ಮ ಆಫೀಸಿನ ಸಂಬಳದ ಚೀಟಿಗಳನ್ನು ತಯಾರಿಸಿದವರಲ್ಲಿ ನಾನೂ ಒಬ್ಬ. ತೆರಿಗೆಯ ಕಾಲಂ ಪೂರ್ತಿ ಸೊನ್ನೆ. ಮ್ಯಾನೇಜರುಗಳಿಂದ ಹಿಡಿದು ನನ್ನಂಥವರವರೆಗೆ ಎಲ್ಲರ ಕೈಗೂ ಜಾಸ್ತಿ ಹಣ ಬಂತು. ಸಿಹಿ ಹಂಚಿದರು. ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಕ್ಕಳ ಚೀಟಿಯಲ್ಲಿ ಏನೂ ಬದಲಾಗಲಿಲ್ಲ, ಯಾಕೆಂದರೆ ಅವರ ಸಂಬಳ ಮೊದಲೂ ತೆರಿಗೆಯ ಮಟ್ಟಕ್ಕೆ ಬರುತ್ತಿರಲಿಲ್ಲ. ಈ ಒಂದು ಸಂಗತಿಯನ್ನು ನಮ್ಮ ಭಾವನಿಗೆ ತೋರಿಸಬೇಕು ಅನಿಸುತ್ತೆ ನನಗೆ.

ಆಮೇಲಿನದು ಎಲ್ಲರಿಗೂ ಗೊತ್ತು. ಕೋವಿಡ್ ಬಂತು, ಪ್ರವಾಸಿಗರು ಪೂರ್ತಿ ನಿಂತರು. 2019ರಲ್ಲಿ ಜಿಡಿಪಿಯ ಶೇ 12ರ ಹತ್ತಿರ ಇದ್ದ ತೆರಿಗೆ ಆದಾಯ 2020ಕ್ಕೆ ಶೇ 8ರ ಆಸುಪಾಸಿಗೆ ಬಿತ್ತು. ಇದನ್ನು ನೋಡಿ ದೇಶಗಳ ಸಾಲ ತೀರಿಸುವ ತಾಕತ್ತು ಅಳೆಯುವ ಹೊರಗಿನ ರೇಟಿಂಗ್ ಸಂಸ್ಥೆಗಳು ದೇಶದ ದರ್ಜೆ ಇಳಿಸಿದವು. ದರ್ಜೆ ಇಳಿದ ಮೇಲೆ ಹೊಸ ಸಾಲ ಕೊಡುವವರು ಯಾರು? ಹಳೇ ಸಾಲ ಮಾತ್ರ ಹಾಗೇ ನಿಂತಿತ್ತು, ಅದೂ ಡಾಲರಿನಲ್ಲಿ. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ದಿಢೀರನೆ ನಿಲ್ಲಿಸಿ ಭತ್ತ, ಟೀ ಬೆಳೆಯುವವರ ಹೊಟ್ಟೆ ಮೇಲೂ ಹೊಡೆದರು. ಏಳು ತಿಂಗಳಲ್ಲಿ ಅದನ್ನು ಹಿಂದಕ್ಕೆ ಪಡೆದರೂ ಒಂದು ಬೆಳೆ ಹೋಗಿಯಾಗಿತ್ತು.

ಚೀನಾ ಸಾಲವೇ ಎಲ್ಲಕ್ಕೂ ಕಾರಣ ಅಂತ ನಮ್ಮ ಕಡೆ ಹೇಳುವುದು ಜಾಸ್ತಿ. ಹಂಬನ್‌ತೋಟದ ಬಂದರು 99 ವರ್ಷದ ಗುತ್ತಿಗೆಗೆ ಹೋದದ್ದು ನಿಜ, 2017ರಲ್ಲಿ. ಜನರೇ ಇಲ್ಲದ ಮತ್ತಳ ವಿಮಾನ ನಿಲ್ದಾಣವೂ ಚೀನಾ ಸಾಲದ್ದೇ. ಆದರೆ ಹೊರಗಿನ ಸಾಲದಲ್ಲಿ ದೊಡ್ಡ ಪಾಲು ಡಾಲರ್ ಬಾಂಡುಗಳದ್ದು, ಅಂದರೆ ಹೂಡಿಕೆದಾರರಿಗೆ ಮಾರಿ, ಡಾಲರಿನಲ್ಲೇ ತೀರಿಸಬೇಕಾದ ಸಾಲಪತ್ರಗಳದ್ದು. 2007ರಲ್ಲಿ 50 ಕೋಟಿ ಡಾಲರಿನಿಂದ ಶುರು ಮಾಡಿ, 2019ರವರೆಗೆ ಬಂದ ಸರ್ಕಾರಗಳು ಬಾಂಡ್ ಮಾರುತ್ತಾ ಹೋದವು. ಸಾಲ ಮಾಡಿ ತುಪ್ಪ ತಿನ್ನು ಅಂತಾರಲ್ಲ, ಇಲ್ಲಿ ತುಪ್ಪ ತಿಂದವರೂ ಕೆಲವೇ ಜನ.

2022ರ ಜನವರಿ 18 ನನಗೆ ಚೆನ್ನಾಗಿ ನೆನಪಿದೆ. ಅವತ್ತು ಸರ್ಕಾರ 50 ಕೋಟಿ ಡಾಲರಿನ ಒಂದು ಬಾಂಡ್ ತೀರಿಸಿತು. ಆ ಹೊತ್ತಿಗಾಗಲೇ ಹಾಲಿನ ಪುಡಿಗೂ ಗ್ಯಾಸಿಗೂ ಕ್ಯೂ ಶುರುವಾಗಿತ್ತು. ಆ ಡಾಲರನ್ನು ಔಷಧಿಗೆ ಇಟ್ಟುಕೊಳ್ಳಿ, ಸಾಲದವರ ಹತ್ತಿರ ಕೂತು ಮಾತಾಡಿ ಅಂತ ಎಷ್ಟೋ ಅರ್ಥಶಾಸ್ತ್ರಜ್ಞರು ಬೇಡಿಕೊಂಡರು. ಕೇಳಲಿಲ್ಲ. ಮಾರ್ಚ್‌ನಲ್ಲಿ ಕಾಗದ ಇಲ್ಲ ಅಂತ ಶಾಲಾ ಪರೀಕ್ಷೆ ಮುಂದೆ ಹೋಯಿತು. ತಿಂಗಳ ಕೊನೆಗೆ ದಿನಕ್ಕೆ 13 ಗಂಟೆ ಕರೆಂಟ್ ಇಲ್ಲ. ಏಪ್ರಿಲ್ 12ಕ್ಕೆ ವಿದೇಶಿ ಸಾಲ ಕಟ್ಟಲ್ಲ ಅಂತ ಘೋಷಿಸಿದರು. ಮೇ ತಿಂಗಳಲ್ಲಿ ಆಗಿನ ಹಣಕಾಸು ಮಂತ್ರಿ ಸಂಸತ್ತಿನಲ್ಲಿ ಎದ್ದು ನಿಂತು, ಬಳಸಬಹುದಾದ ಡಾಲರ್ 5 ಕೋಟಿಯೂ ಉಳಿದಿಲ್ಲ ಅಂದರು. 2.2 ಕೋಟಿ ಜನರ ದೇಶಕ್ಕೆ!

ಕ್ಯೂಗೆ ಇಲ್ಲಿ ‘ಪೋಲಿಮ’ ಅಂತಾರೆ. ಆ ವರ್ಷ ಎಲ್ಲರ ಬಾಯಲ್ಲೂ ಇದ್ದ ಪದ ಅದೇ. ಜೂನ್‌ನಲ್ಲಿ ಪೆಟ್ರೋಲಿಗೆ ಎರಡು ರಾತ್ರಿ ಕಾರಿನಲ್ಲೇ ಮಲಗಿದ್ದೆ. ನನ್ನ ಮುಂದೆ ಒಬ್ಬ ತ್ರೀ-ವೀಲ್ ಡ್ರೈವರ್. ಕ್ಯೂ ಮುಂದೆ ಹೋದಾಗಲೆಲ್ಲ ಇಳಿದು ಆಟೋವನ್ನು ಕೈಯಲ್ಲೇ ತಳ್ಳುತ್ತಿದ್ದ. ಇಂಜಿನ್ ಶುರು ಮಾಡಿದರೆ ಇರುವ ಹನಿ ಪೆಟ್ರೋಲೂ ಹೋಗುತ್ತೆ. ಎರಡನೇ ರಾತ್ರಿ ಮಳೆ ಬಂತು. ಹತ್ತಿರದ ಮನೆಯವರು ಕೆಟಲಿನಲ್ಲಿ ಪ್ಲೇನ್ ಟೀ ತಂದು ಎಲ್ಲರಿಗೂ ಕೊಟ್ಟರು, ಜೊತೆಗೆ ಒಂದೊಂದು ಚೂರು ಬೆಲ್ಲ. ಹಾಲಿನ ಪುಡಿ ಯಾರ ಮನೆಯಲ್ಲಿತ್ತು? ಆ ಡ್ರೈವರ್ ಟೀ ಕುಡಿಯುತ್ತಾ ನನಗೆ ಬಾಂಡ್ ಅಂದರೆ ಏನು, ಡಾಲರ್ ಬಾಂಡ್‌ಗೂ ನಮ್ಮ ರೂಪಾಯಿ ಬಾಂಡ್‌ಗೂ ಏನು ವ್ಯತ್ಯಾಸ ಅಂತ ಕೇಳಿದ. ಪೂರ್ತಿ ಕೇಳಿಸಿಕೊಂಡು, "ಇದನ್ನ ಮೊದಲೇ ಯಾಕೆ ಯಾರೂ ನಮಗೆ ಹೇಳಲಿಲ್ಲ ಮಹತ್ತಯಾ?" ಅಂದ. ಮಹತ್ತಯಾ ಅಂದರೆ ನಮ್ಮ ‘ಯಜಮಾನ್ರೇ’ ಇದ್ದ ಹಾಗೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಜನವರಿ 2020ರಲ್ಲಿ ಆ ಸೊನ್ನೆಯ ಕಾಲಂ ತುಂಬಿಸಿದವನು ನಾನು. ನನಗೂ ಅವತ್ತು ಈ ಪ್ರಶ್ನೆ ಬರಬೇಕಿತ್ತು, ಬರಲಿಲ್ಲ.

ಡಿಸೆಂಬರ್ 2021ರಲ್ಲಿ 177 ರೂಪಾಯಿ ಇದ್ದ ಪೆಟ್ರೋಲ್ ಆ ಜೂನ್ ಕೊನೆಗೆ 470 ಆಯಿತು. ಜುಲೈ 9ಕ್ಕೆ ಜನ ಅಧ್ಯಕ್ಷರ ಮನೆಗೆ ನುಗ್ಗಿದರು. ನಾಲ್ಕೇ ದಿನಕ್ಕೆ ಗೋಟಬಯ ದೇಶ ಬಿಟ್ಟು ಹೋದರು. ನಮ್ಮವರು ಈಜುಕೊಳದಲ್ಲಿ ಜಿಗಿಯುತ್ತಿದ್ದ ಹುಡುಗರ ವಿಡಿಯೋ ನೋಡಿದರು. ಅದಕ್ಕೂ ಮುಂಚೆ ಮೂರು ತಿಂಗಳು ಗಾಲ್ ಫೇಸ್ ಮೈದಾನದಲ್ಲಿ ಟೆಂಟ್ ಹಾಕಿ ಕೂತವರನ್ನು ನೋಡಿದ್ದು ಕಡಿಮೆ. ಅಲ್ಲಿ ಒಂದು ಲೈಬ್ರರಿ ಇತ್ತು. ಸಿಂಹಳರೂ ತಮಿಳರೂ ಮುಸ್ಲಿಮರೂ ಒಟ್ಟಿಗೆ ಕೂತು ದೇಶದ ಲೆಕ್ಕ ಕೇಳುತ್ತಿದ್ದರು. ಯುದ್ಧ ಕಂಡ ನೆಲದಲ್ಲಿ ಅದು ಸಣ್ಣ ಮಾತಲ್ಲ.

ಈಗ ನನಗೆ ತುಂಬಾ ನೋವು ಕೊಡುವ ಭಾಗಕ್ಕೆ ಬರುತ್ತೇನೆ. ತಗ್ಗಿಸಿದ ತೆರಿಗೆಯನ್ನು ಮತ್ತೆ ಏರಿಸಲೇಬೇಕಾಯಿತು. 2023ರ ಮಾರ್ಚ್‌ನಲ್ಲಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸುಮಾರು 300 ಕೋಟಿ ಡಾಲರ್ ಕೊಡಲು ಒಪ್ಪಿತು. ಶ್ರೀಲಂಕಾ ಅದರ ಬಾಗಿಲು ತಟ್ಟಿದ್ದು ಅದು 17ನೇ ಸಲ. ವ್ಯಾಟ್ 2022ರಲ್ಲೇ ಶೇ 12, ಆಮೇಲೆ 15, 2024ರ ಜನವರಿಯಿಂದ 18. ಗ್ಯಾಸಿಗೂ ಪೆಟ್ರೋಲಿಗೂ ಪುಸ್ತಕಕ್ಕೂ ಬಿತ್ತು. ತಿಂಗಳಿಗೆ 1 ಲಕ್ಷ ಲಂಕಾ ರೂಪಾಯಿ ಮೀರಿದ ಸಂಬಳಕ್ಕೆ ಶೇ 6ರಿಂದ ಶುರುವಾಗಿ, 3 ಲಕ್ಷ ದಾಟಿದ ಮೇಲಿನ ಭಾಗಕ್ಕೆ ಶೇ 36. ಡಾಕ್ಟರುಗಳು, ಇಂಜಿನಿಯರುಗಳು, ವಿಶ್ವವಿದ್ಯಾಲಯದ ಮೇಷ್ಟ್ರುಗಳು ಬೀದಿಗೆ ಬಂದರು. 2022 ಒಂದೇ ವರ್ಷದಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಕೆಲಸಕ್ಕೆ ಹೊರದೇಶಕ್ಕೆ ಹೋದರು. ನಮ್ಮ ಆಫೀಸಿನಲ್ಲೇ ನನ್ನ ಅಕ್ಕಪಕ್ಕದ ಮೂರು ಕುರ್ಚಿ ಖಾಲಿಯಾದವು.

ಶೇ 36 ಕಟ್ಟುವವರ ಕಷ್ಟ ನನಗೆ ಗೊತ್ತು, ನಾನೂ ಕಟ್ಟುತ್ತೇನೆ. ಆದರೆ ಶೇ 18ರ ವ್ಯಾಟ್ ಬೇರೆ ಥರದ ಏಟು. ಅದು ಯಾರ ಸಂಬಳವನ್ನೂ ಕೇಳಿಕೊಂಡು ಬರುವುದಿಲ್ಲ. 2020ರಲ್ಲಿ ಸಿಹಿ ಹಂಚಿದವರು ಒಬ್ಬರು, 2024ರಲ್ಲಿ ಬಿಲ್ ಕಟ್ಟಿದವರು ಇನ್ನೊಬ್ಬರು.

ನಮ್ಮ ಪಕ್ಕದ ಮನೆಯ ಅಕ್ಕನ ಕತೆ ಹೇಳಬೇಕು. ಸಿಂಹಳದಲ್ಲೂ ಅಕ್ಕ ಅಂದರೆ ಅಕ್ಕನೇ, ತಂಗಿಗೆ ಮಾತ್ರ ‘ನಂಗಿ’ ಅಂತಾರೆ. ಅವರು ನನ್ನನ್ನು ‘ಮಲ್ಲಿ’ ಅಂತ ಕರೆಯುತ್ತಾರೆ, ಅಂದರೆ ತಮ್ಮ. ಗಾರ್ಮೆಂಟ್ಸ್‌ನಲ್ಲಿ 22 ವರ್ಷ ದುಡಿದು 2021ರಲ್ಲಿ ಬಿಟ್ಟರು. ಕೈಗೆ ಬಂದ ಪ್ರಾವಿಡೆಂಟ್ ಫಂಡ್ ಹಣವನ್ನು ಬ್ಯಾಂಕಿನಲ್ಲಿಟ್ಟರು. 2022ರ ಸೆಪ್ಟೆಂಬರಿನಲ್ಲಿ ಬೆಲೆ ಏರಿಕೆ ವರ್ಷಕ್ಕೆ ಶೇ 70ರ ಹತ್ತಿರ. ಆ ಹಣ ಪಾಸ್‌ಬುಕ್ಕಿನಲ್ಲಿ ಅಷ್ಟೇ ಇತ್ತು, ಅದರಿಂದ ಬರುವ ಅಕ್ಕಿ ಮಾತ್ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅವರ ಮಗಳೂ ಗಾರ್ಮೆಂಟ್ಸ್‌ನಲ್ಲೇ ಇದ್ದಾಳೆ. 2023ರಲ್ಲಿ ಸರ್ಕಾರ ದೇಶದೊಳಗಿನ ತನ್ನ ಸಾಲದ ಷರತ್ತು ಬದಲಾಯಿಸಿದಾಗ ಬ್ಯಾಂಕುಗಳ ಕೈಲಿದ್ದ ರೂಪಾಯಿ ಬಾಂಡನ್ನು ಮುಟ್ಟಲಿಲ್ಲ. ಮಗಳಂಥವರ ಪ್ರಾವಿಡೆಂಟ್ ಫಂಡಿನ ಬಾಂಡನ್ನು ಮಾತ್ರ ಹೆಚ್ಚು ವರ್ಷದ ಬಾಂಡಿಗೆ ಬದಲಾಯಿಸಿದರು. ಬ್ಯಾಂಕು ಅಲುಗಾಡಿದರೆ ಠೇವಣಿದಾರರಿಗೆ ಕಷ್ಟ ಅನ್ನುವ ವಾದ ನನಗೆ ಅರ್ಥವಾಗುತ್ತೆ. ಆದರೂ ಹೊಲಿಗೆ ಹಾಕುವವಳ ಮುದುಕುತನದ ಹಣವೇ ಯಾಕೆ ಮೊದಲು?

ಆ ಅಕ್ಕ ಈಗ ಪ್ರತಿ ಬಿಲ್ ಜೋಪಾನ ಮಾಡುತ್ತಾರೆ. ಬಿಸ್ಕತ್ತಿನ ಹಳೇ ಡಬ್ಬಿಯಲ್ಲಿ ಒತ್ತಾಗಿ ತುಂಬಿಟ್ಟಿದ್ದಾರೆ. ವ್ಯಾಟ್ ಇರುವ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾರೆ. ಯಾಕಕ್ಕ ಅಂತ ಕೇಳಿದ್ದಕ್ಕೆ, "ನಾನು ಎಷ್ಟು ಕೊಟ್ಟೆ ಅಂತ ನನಗಾದರೂ ಗೊತ್ತಿರಲಿ" ಅಂದರು.

ನಮ್ಮ ಊರಿನ ಕಡೆ ನೋಡಿದರೆ ನನಗೆ ಕಾಣುವುದು ಬೇರೆ. ಕರ್ನಾಟಕ ಶ್ರೀಲಂಕಾ ಆಗಲ್ಲ. ರಾಜ್ಯ ಡಾಲರ್ ಬಾಂಡ್ ಮಾರುವುದಿಲ್ಲ. ಕೇಂದ್ರದ ಒಪ್ಪಿಗೆ ಇಲ್ಲದೆ ಬೇಕಾದಷ್ಟು ಸಾಲ ಎತ್ತುವ ಹಾಗಿಲ್ಲ. ಒಟ್ಟು ಸಾಲ ರಾಜ್ಯದ ಜಿಡಿಪಿಯ ಶೇ 25 ದಾಟಬಾರದು ಅಂತ ನಮ್ಮದೇ ಕಾನೂನಿದೆ. 2025-26ರ ಬಜೆಟ್ ಲೆಕ್ಕದಲ್ಲಿ ಅದು ಶೇ 24.91. ಗೆರೆಗೆ ತೀರಾ ಹತ್ತಿರ ಅನ್ನುವುದು ನಿಜ, ಆ ವರ್ಷ 1.16 ಲಕ್ಷ ಕೋಟಿ ಹೊಸ ಸಾಲ ಅನ್ನುವುದೂ ನಿಜ. ಅದನ್ನು ಕೇಳಲೇಬೇಕು. ಆದರೆ ಐದು ಗ್ಯಾರಂಟಿಯ 51 ಸಾವಿರ ಕೋಟಿಯನ್ನು ಮಾತ್ರ ಕೇಳಿ, ಬಜೆಟ್ಟಿನ ಉಳಿದ ಸುಮಾರು ಮೂರೂವರೆ ಲಕ್ಷ ಕೋಟಿ ಎಲ್ಲಿಗೆ ಹೋಯಿತು ಅಂತ ಕೇಳದೆ ಬಿಡುವುದು ಎಂಥ ಲೆಕ್ಕ? ಶ್ರೀಲಂಕಾ 1945ರಿಂದ ಮಕ್ಕಳಿಗೆ ಪುಕ್ಕಟೆ ಶಿಕ್ಷಣ ಕೊಡುತ್ತಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಚಿಕಿತ್ಸೆ ಸಿಗುತ್ತೆ. ಅಷ್ಟು ದಶಕ ಕೊಟ್ಟಾಗ ದೇಶ ಮುಳುಗಲಿಲ್ಲ. ಆ ಡ್ರೈವರ್ ಬಾಂಡಿನ ಬಗ್ಗೆ ಕೇಳಿ ಅರ್ಥ ಮಾಡಿಕೊಂಡದ್ದೂ ಅವನು ಓದಿದ ಸರ್ಕಾರಿ ಶಾಲೆಯಿಂದಲೇ.

ಯುಗಾದಿ ಆದ ಮೇಲೆ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಹೋದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ್ದು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ಬೆಂಗಳೂರಿನ ಬೇಕರಿ, ಟೀ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಕಿತ್ತು ‘ನಗದು ಮಾತ್ರ’ ಅಂತ ಬೋರ್ಡ್ ಹಾಕಿದರು. ಹಳೇ ಬಾಕಿ ವಸೂಲಿ ಮಾಡಲ್ಲ ಅಂತ ಮುಖ್ಯಮಂತ್ರಿ ಹೇಳಿದ ಮೇಲೆ ತಣ್ಣಗಾಯಿತು. ಅದನ್ನು ಇಲ್ಲಿಂದ ಓದುತ್ತಾ ನನಗೆ ಭಯವಾಯಿತು. ತಳ್ಳುಗಾಡಿಯವನನ್ನು ಹೆದರಿಸಿ, ಅವನು ತೆರಿಗೆ ಅಂದರೆ ಓಡುವ ಹಾಗೆ ಮಾಡಿದರೆ, ನಾಳೆ ‘ತೆರಿಗೆ ಪೂರ್ತಿ ತೆಗೀತೀನಿ’ ಅನ್ನುವವನು ಬಂದಾಗ ಅವನೇ ಮೊದಲು ವೋಟು ಹಾಕುತ್ತಾನೆ. ಇಲ್ಲಿ ನಡೆದದ್ದು ಅದೇ.

2024ರ ಸೆಪ್ಟೆಂಬರಿನಲ್ಲಿ ಅನುರ ಕುಮಾರ ದಿಸ್ಸಾನಾಯಕೆ ಅಧ್ಯಕ್ಷರಾದರು. ಐದು ವರ್ಷದ ಹಿಂದೆ ಅವರಿಗೆ ಬಂದಿದ್ದು ಶೇ 3ರಷ್ಟು ವೋಟು. ನವೆಂಬರಿನಲ್ಲಿ ಅವರ ಕೂಟಕ್ಕೆ 225ರಲ್ಲಿ 159 ಸೀಟು. ಜನ ಹಳಬರ ಮೇಲೆ ಎಷ್ಟು ರೋಸಿಹೋಗಿದ್ದರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಐಎಂಎಫ್ ಜೊತೆ ಮತ್ತೆ ಮಾತಾಡುತ್ತೇನೆ ಅಂದಿದ್ದರು. ಬಂದ ಮೇಲೆ ಹೆಚ್ಚು ಕಡಿಮೆ ಅದೇ ದಾರಿಯಲ್ಲಿ ಹೋಗುತ್ತಿದ್ದಾರೆ. ಸಂಬಳದ ತೆರಿಗೆಯ ಮಿತಿಯನ್ನು 2025ರ ಏಪ್ರಿಲ್‌ನಿಂದ ತಿಂಗಳಿಗೆ ಒಂದೂವರೆ ಲಕ್ಷಕ್ಕೆ ಏರಿಸಿದರು. ವ್ಯಾಟ್ 18ರಲ್ಲೇ ಇದೆ. ನಮ್ಮ ಆಫೀಸಿನ ಹುಡುಗರು ಬೇಸರದಿಂದ ಕೈ ಚೆಲ್ಲುತ್ತಾರೆ. ನನಗೆ ಅವರ ಬೇಸರ ಸರಿ ಅನಿಸುತ್ತೆ. ಆದರೆ ಈ ಸಲ ತೆರಿಗೆ ಕಡಿತ ಮಾಡುತ್ತೇನೆ ಅಂದವರ ಹಿಂದೆ ಅವರು ಓಡುತ್ತಿಲ್ಲ, ಅದನ್ನೂ ನೋಡುತ್ತಿದ್ದೇನೆ.

ಮೊನ್ನೆ ಸಂಜೆ ಅಕ್ಕ ತೆಂಗಿನಕಾಯಿ ತುರಿಯುತ್ತಾ ಕೂತಿದ್ದರು. ತಿಪಟೂರಿನವನು ಅಂತ ನನ್ನ ಹತ್ತಿರ ಕಾಯಿ ರೇಟಿನ ಮಾತು ಯಾವಾಗಲೂ ಬರುತ್ತೆ. ಮಾತು ಹಾಗೇ ಸಾಲದ ಕಡೆ ತಿರುಗಿತು. "2028ರಿಂದ ಹೊರಗಿನ ಸಾಲದ ಅಸಲನ್ನು ಜೋರಾಗಿ ಕಟ್ಟೋಕೆ ಶುರು ಮಾಡಬೇಕಂತೆ. ನಿಜಾನಾ ಮಲ್ಲಿ?" ಅಂದರು. ಹೌದಕ್ಕ ಅಂದೆ. ಬೆರಳು ಮಡಚಿ ಎಣಿಸಿದರು. "ಮೊಮ್ಮಗಳಿಗೆ ಆ ವರ್ಷ ಓ ಲೆವೆಲ್ ಪರೀಕ್ಷೆ," ಅಂದರು. ಓ ಲೆವೆಲ್ ಅಂದರೆ ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ. ಆಮೇಲೆ ಕೈ ಒರೆಸಿಕೊಂಡು, ಅಂಗಡಿಯ ಬಿಲ್ ತೆಗೆದು ಗೆರೆ ಎಳೆದು ಡಬ್ಬಿಗೆ ಹಾಕಿದರು.