ಎರಡು ಮಿಡತೆ, ಒಂದೇ ಗಾಡಿ

2019ರ ಡಿಸೆಂಬರಿನಲ್ಲಿ ಕಾರವಾರದ ನಮ್ಮ ಪಕ್ಕದ ಮನೆಯ ಹಂಚು ಇಳಿಸಿದರು. ಹಳೇ ಮನೆ ಕೆಡವಿ ತಾರಸಿ ಮನೆ ಕಟ್ಟುವುದಿತ್ತು. ಅಟ್ಟದಿಂದ ತಾಮ್ರದ ಹಂಡೆ ಇಳಿಯಿತು, ತೊಟ್ಟಿಲು ಇಳಿಯಿತು, ಕಾಲು ಮುರಿದ ಮಣೆಗಳು ಇಳಿದವು. ಕೊನೆಗೆ ಒಂದು ಗೋಣಿಚೀಲ. ರಜೆಗೆ ಬಂದಿದ್ದ ನಾನೂ ಕೈಜೋಡಿಸಿದ್ದೆ. ಚೀಲದ ಬಾಯಿ ಬಿಚ್ಚಿದರೆ ಒಳಗೆ ನನ್ನ ಬಾಲ್ಯದ ಹೊಟ್ಟೆಕಿಚ್ಚು ಮಲಗಿತ್ತು.

ಜಪಾನಿನ ಟಮಿಯಾ ಕಂಪನಿಯ ಗ್ರಾಸ್‌ಹಾಪರ್, ಅಂದ್ರೆ ಮಿಡತೆ. 1984ರಲ್ಲಿ ಮಾರುಕಟ್ಟೆಗೆ ಬಂದ ರಿಮೋಟ್ ಕಾರು. ಬಿಳಿ ಬಾಡಿ, ಮುಳ್ಳು ಮುಳ್ಳಿನ ಹಿಂದಿನ ಟಯರು, ಒಳಗೊಬ್ಬ ಹೆಲ್ಮೆಟ್ ಹಾಕಿದ ಗೊಂಬೆ ಚಾಲಕ. ಆಗ ನಮ್ಮ ಕಡೆಗೆ ಇಂಥವು ಬರುತ್ತಿದ್ದುದು ಹೆಚ್ಚುಕಡಿಮೆ ಎರಡೇ ದಾರಿಯಲ್ಲಿ. ಭಟ್ಕಳ, ಹೊನ್ನಾವರ ಕಡೆಯವರಾದರೆ ಗಲ್ಫಿನಿಂದ. ನಮ್ಮ ಕೇರಿಯವರಾದರೆ ಹಡಗಿನಿಂದ. ಪಕ್ಕದ ಮನೆಯವರು ಹಡಗಿನಲ್ಲಿ ಕೆಲಸಕ್ಕಿದ್ದರು. ನಮಗೆಲ್ಲ ಅವರು ಹಡಗಿನ ಮಾಮ. 1986ರಲ್ಲಿ ಊರಿಗೆ ಬಂದಾಗ ಈ ಗಾಡಿ ತಂದಿದ್ದರು.

ಕೊಂಡದ್ದು ಕಿಟ್. ಒಂದೊಂದು ಸ್ಕ್ರೂ ಹಾಕಿ ತಾನೇ ಜೋಡಿಸಬೇಕು, ರಿಮೋಟು ಬೇರೆ ಕೊಳ್ಳಬೇಕು. ಮಾಮ ಜಗಲಿಯ ಮೇಲೆ ಕೂತು ಜೋಡಿಸಿದ್ದನ್ನು ನಾವು ಏಳೆಂಟು ಮಕ್ಕಳು ಉಸಿರು ಬಿಗಿಹಿಡಿದು ನೋಡಿದ್ದೆವು. ಸಂಜೆ ಮೆರವಣಿಗೆಯಲ್ಲಿ ಟ್ಯಾಗೋರ್ ಬೀಚಿಗೆ ಹೋದೆವು. ಗಾಡಿ ಮರಳ ಮೇಲೆ ನಿಜಕ್ಕೂ ಮಿಡತೆಯ ಹಾಗೆ ಕುಪ್ಪಳಿಸಿತು. ಅದು ಚಾಲಕನ ಜಾಣ್ಮೆ ಅಂದುಕೊಂಡಿದ್ದೆ. ಈಗ ಗೊತ್ತು, ಹಿಂದಿನ ಆಕ್ಸಲ್ ಒಂದೇ ಗಟ್ಟಿ ತುಂಡು, ಸ್ಪ್ರಿಂಗಿನ ಕುಣಿತ ತಡೆಯುವ ಎಣ್ಣೆ ಡ್ಯಾಂಪರ್ ಇಲ್ಲ. ಕುಪ್ಪಳಿಸದೆ ಇನ್ನೇನು ಮಾಡೀತು! ಮೂರನೇ ಸಂಜೆ ಒಂದು ಅಲೆ ಬಂದು ಗಾಡಿಯನ್ನು ಮುಟ್ಟಿ ಹೋಯಿತು. ಅಷ್ಟೇ. ಮಾಮ ಅದನ್ನು ಬಿಸಿಲಿಗೆ ಇಟ್ಟರು. ನೀರೇನೋ ಆರಿತು, ಉಪ್ಪು ಎಲ್ಲಿ ಹೋಗಬೇಕು? ಅದೇ ಕಂಪನಿ 1979ರಲ್ಲೇ ಸ್ಯಾಂಡ್ ಸ್ಕಾರ್ಚರ್ ಅನ್ನೋ ಗಾಡಿ ಮಾಡಿತ್ತು. ಅದರಲ್ಲಿ ರೇಡಿಯೋ ಸಾಮಾನೆಲ್ಲ ನೀರು ಹೋಗದ ಹಾಗೆ ಮುಚ್ಚಿದ ಪಾರದರ್ಶಕ ಡಬ್ಬಿಯೊಳಗೆ ಇರುತ್ತಿತ್ತು. ಮಿಡತೆ ಅಗ್ಗದ ಗಾಡಿ, ಅದಕ್ಕೆ ಆ ಯೋಗ ಇರಲಿಲ್ಲ. ಅಟ್ಟ ಸೇರಿತು.

"ನಿಂಗೆ ಬೇಕಾದ್ರೆ ತಕಂಡು ಹೋಗು ಮಾರಾಯ, ನೀ ಇರೂದು ಅದ್ರ ಊರಲ್ಲೇ ಅಲ್ವಾ" ಅಂದರು ಮಾಮ. ಹೌದು, ಸುಮಾರಾಗಿ ಅದರ ಊರೇ. ಜಪಾನಿನಲ್ಲಿ ನಾನಿರುವ ಹಮಾಮತ್ಸುವಿನಿಂದ ಶಿಜುವೊಕಾಕ್ಕೆ ಲೋಕಲ್ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಟಮಿಯಾ ಅಲ್ಲಿಯದ್ದು. 1946ರಲ್ಲಿ ಶುರುವಾದಾಗ ಅದು ಮರ ಕೊಯ್ಯುವ ಮಿಲ್ಲು. ಆಮೇಲೆ ಮರದ ಮಾದರಿ, ಆಮೇಲೆ ಪ್ಲಾಸ್ಟಿಕ್ಕು, 1976ರಲ್ಲಿ ಮೊದಲ ರಿಮೋಟ್ ಕಾರು, ಪೋರ್ಷೆ 934. ಶಿರಸಿಯ ಸಾಮಿಲ್ಲುಗಳ ಮುಂದೆ ಹಾದುಹೋಗುವಾಗೆಲ್ಲ ನನಗೆ ಈ ಕಥೆ ನೆನಪಾಗಿ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಹಮಾಮತ್ಸುವಿನಲ್ಲಿ ಈ ಹುಚ್ಚಿನವರ ಒಂದು ಸಣ್ಣ ಗುಂಪಿದೆ. ತಿಂಗಳಿಗೊಮ್ಮೆ ಸೇರುತ್ತೇವೆ. ಅವರ ಶಿಸ್ತು ಬೇರೆಯದೇ. ಗಾಡಿಗೆ ಹೆಸರು ಹೇಳುವುದು ಕಡಿಮೆ, ಕಂಪನಿಯ ಕಿಟ್ ನಂಬರು ಹೇಳುವುದು ಜಾಸ್ತಿ. ನನ್ನದು 58043. ಒಬ್ಬೊಬ್ಬರ ಹತ್ತಿರವೂ ಒಂದೇ ಗಾಡಿ ಎರಡೆರಡು. ಹಳೆಯದು ಕಪಾಟಿನಲ್ಲಿ, ಓಡಿಸಲಿಕ್ಕೆ ಮರುಮುದ್ರಣ. ಮರುಮುದ್ರಣ ಅಂತ ನಾನು ಕರೆಯುವುದು, ಪುಸ್ತಕದ ಹಾಗೆ. ಕಂಪನಿ ಹಳೇ ಗಾಡಿಗಳನ್ನೇ ಮತ್ತೆ ಮಾಡಿ ಮಾರುತ್ತದೆ. ಮಿಡತೆ 2005ರಲ್ಲಿ ಮತ್ತೆ ಬಂತು, ಸ್ಯಾಂಡ್ ಸ್ಕಾರ್ಚರ್ 2010ರಲ್ಲಿ. ಹಾಗಾಗಿ ಬಿಡಿಭಾಗಕ್ಕೆ ತೊಂದರೆ ಇಲ್ಲ.

ಅವರ ರೇಸು ನೋಡುವ ಹಾಗಿರುತ್ತದೆ. ಎಲ್ಲರಿಗೂ ಒಂದೇ ಥರದ ಮೋಟರು, ಒಂದೇ ಥರದ ಬ್ಯಾಟರಿ. ನಿಮ್ಮ ಓಟ ಮುಗಿದರೆ ಚಹಾ ಕುಡಿಯಲು ಹೋಗುವ ಹಾಗಿಲ್ಲ. ಟ್ರ್ಯಾಕಿನ ತಿರುವಿನಲ್ಲಿ ನಿಂತು, ಮುಂದಿನವರ ಮಗುಚಿದ ಗಾಡಿ ಎತ್ತಿ ನಿಲ್ಲಿಸಬೇಕು. ಹಿಂದೆ 27 ಮೆಗಾಹರ್ಟ್ಸ್ ರಿಮೋಟುಗಳ ಕಾಲದಲ್ಲಿ ಇನ್ನೊಂದು ಕಟ್ಟುಪಾಡೂ ಇತ್ತು. ರಿಮೋಟು ಯಾವ ಬ್ಯಾಂಡಿನಲ್ಲಿ ಮಾತಾಡಬೇಕು ಅಂತ ಗೊತ್ತುಮಾಡುವ ಸಣ್ಣ ಬಿಡಿಭಾಗ ಕ್ರಿಸ್ಟಲ್. ಇಬ್ಬರ ಹತ್ತಿರ ಒಂದೇ ಥರದ ಕ್ರಿಸ್ಟಲ್ ಇದ್ದರೆ ಒಬ್ಬನ ರಿಮೋಟಿಗೆ ಇನ್ನೊಬ್ಬನ ಗಾಡಿ ಕುಣಿಯುತ್ತಿತ್ತು. ಅದಕ್ಕೆ ಏರಿಯಲ್ಲಿಗೆ ಬಣ್ಣದ ರಿಬ್ಬನ್ ಕಟ್ಟಿ ಯಾರದು ಯಾವ ಬ್ಯಾಂಡು ಅಂತ ತೋರಿಸಬೇಕಿತ್ತು. ಈಗಿನ 2.4 ಗಿಗಾಹರ್ಟ್ಸಿನಲ್ಲಿ ಆ ಜಗಳವೇ ಇಲ್ಲ. ಆದರೂ ಒಬ್ಬ ಅಜ್ಜ ಹಳೇ ರಿಬ್ಬನ್ ಕಟ್ಟಿಕೊಂಡೇ ಬರುತ್ತಾರೆ.

ಮಾಮನ ಗಾಡಿಯನ್ನು ನಾನು ಈ ಗುಂಪಿನ ಪದ್ಧತಿಯಲ್ಲೇ ರಿಪೇರಿ ಮಾಡಿದೆ. ಮೊದಲ ಪಾಠ ಸ್ಕ್ರೂ. ಜಪಾನಿನ ಸ್ಕ್ರೂವಿನ ಪ್ಲಸ್ ಗುರುತಿನ ತಲೆ ನಮ್ಮ ಫಿಲಿಪ್ಸ್ ಥರವೇ ಕಾಣುತ್ತದೆ, ಆದರೆ ಅಲ್ಲ. ಫಿಲಿಪ್ಸ್ ಡ್ರೈವರ್ ಹಾಕಿ ತಿರುಗಿಸಿದರೆ ಜಾರಿ ತಲೆಯೇ ಸವೆದುಹೋಗುತ್ತದೆ. ತುಕ್ಕು ಹಿಡಿದಿದ್ದರಂತೂ ಮುಗಿಯಿತು. ಜೆಐಎಸ್, ಅಂದ್ರೆ ಜಪಾನಿನ ಮಾನಕದ ಡ್ರೈವರ್ ಬೇರೆಯೇ ಬೇಕು. ಎರಡನೇ ಪಾಠ ಆ ಅಜ್ಜ ಕಲಿಸಿದ್ದು. ಪ್ಲಾಸ್ಟಿಕ್ಕಿನೊಳಗೆ ಸ್ಕ್ರೂ ಮತ್ತೆ ಹಾಕುವಾಗ ಮೊದಲು ಉಲ್ಟಾ ತಿರುಗಿಸಬೇಕು. 'ಟಕ್' ಅಂತ ಸಣ್ಣಗೆ ಇಳಿಯುತ್ತದೆ, ಹಳೇ ಗೆರೆ ಸಿಕ್ಕಿತು ಅಂತ. ಆಮೇಲೆ ಬಿಗಿ ಮಾಡಬೇಕು. ಸೀದಾ ಒತ್ತಿ ತಿರುಗಿಸಿದರೆ ಹೊಸ ಗೆರೆ ಕೊರೆದು ತೂತೇ ಸಡಿಲವಾಗುತ್ತದೆ. ಇಷ್ಟು ವರ್ಷ ನಾನು ಮನೆಯ ಎಷ್ಟು ಸಾಮಾನು ಹಾಳು ಮಾಡಿದ್ದೆ ಅಂತ ಅವತ್ತು ಲೆಕ್ಕ ಹಾಕಿದೆ.

ಬಾಡಿ ಹಳದಿಯಾಗಿತ್ತು. ಬಿಳಿ ಪ್ಲಾಸ್ಟಿಕ್ಕು ವಯಸ್ಸಾದ ಹಾಗೆ ಹಳದಿಗೆ ತಿರುಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತದೆ. ಆದರೆ ಬಾಡಿಗೆ ಬಿರುಕೂ ಇತ್ತು, ಸರಿ, ಹೊಸದು ತರಿಸಿದೆ. ಚಾಸಿಯಲ್ಲಿ ಸ್ಕ್ರೂ ಕೂರುವ ಜಾಗ ಒಡೆದಿತ್ತು, ಹೊಸದು. ಗೇರು, ಟಯರು, 380 ಮೋಟರು, ಸ್ಪೀಡ್ ಕಂಟ್ರೋಲರು, ಎಲ್ಲ ಹೊಸದು. ಕೊನೆಗೆ ಹಳೆಯದರಲ್ಲಿ ಉಳಿದದ್ದು ಚಾಲಕನ ಗೊಂಬೆ ಮತ್ತು ಮುಂದಿನ ಎರಡು ಸ್ಪ್ರಿಂಗು. ಗುಂಪಿನವರು ಸುತ್ತ ನಿಂತು ಫೋಟೋ ತೆಗೆದರು. ನಾನೂ ಬೀಗಿದೆ. ತೆಗೆದ ಭಾಗಗಳು ಒಂದು ಶೂ ಡಬ್ಬಿ ತುಂಬ ಇದ್ದವು.

ಆ ಡಬ್ಬಿ ನಮ್ಮ ಭಾವನ ಕೈಗೆ ಹೋದದ್ದು ಆಕಸ್ಮಿಕ. ಅಕ್ಕನನ್ನು ಕೊಟ್ಟದ್ದು ಶಿರಸಿ ಹತ್ತಿರದ ಹಳ್ಳಿಗೆ. ಅಡಿಕೆ ತೋಟ, ಎರಡು ಪಂಪ್‌ಸೆಟ್ಟು. ಪಂಪು ಕೆಟ್ಟರೆ ಪೇಟೆಯ ವೈಂಡಿಂಗ್ ಅಂಗಡಿಯಲ್ಲಿ ಅರ್ಧ ದಿನ ಕೂತು ಬರುವ ಜನ ಅವರು. ಗೇರಿನ ಹಲ್ಲು ತೋರಿಸೋಣ ಅಂತ ಒಂದು ವರ್ಷ ಡಬ್ಬಿ ಒಯ್ದಿದ್ದೆ. ಜೊತೆಗೆ ಜಂಕ್ ಬುಟ್ಟಿಯಲ್ಲಿ ಸಿಕ್ಕ, 380ಕ್ಕಿಂತ ದೊಡ್ಡದಾದ ಒಂದು 540 ಮೋಟರು, ಒಂದು ಸಾದಾ ರಿಮೋಟು. ಜಪಾನಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಜಂಕ್ ಅಂದ್ರೆ ಕಸ ಅಲ್ಲ, ಗ್ಯಾರಂಟಿ ಇಲ್ಲ ಅಂತ ಅರ್ಥ. "ಇಟ್ಟು ಹೋಗು ಭಾವ, ನೋಡ್ವ" ಅಂದರು.

ಮುಂದಿನ ವರ್ಷ ಹೋದರೆ ಅಂಗಳದಲ್ಲಿ ಮಿಡತೆ ಓಡುತ್ತಿತ್ತು!

ಅದನ್ನು ಹತ್ತಿರದಿಂದ ನೋಡಬೇಕು ನೀವು. ಒಡೆದ ಚಾಸಿಗೆ ತಗಡಿನ ಪಟ್ಟಿ, ರಿವೆಟ್ಟು. ಹೋದ ಬಂಪರಿನ ಜಾಗದಲ್ಲಿ ಅಡಿಕೆ ದಬ್ಬೆಯ ತುಂಡು, ಒರೆದು ನಯ ಮಾಡಿದ್ದು. ಬಿರಿದ ಟಯರನ್ನು ಚಪ್ಪಲಿ ಹೊಲಿಯುವವರ ಹತ್ತಿರ ಹೊಲಿಸಿ, ಒಳಗೆ ಹಳೇ ಸೋಫಾದ ಸ್ಪಂಜು ತುರುಕಿದ್ದರು. ಮುಂದಿನ ಸ್ಪ್ರಿಂಗು ಟಾರ್ಚಿನದ್ದು. ಮೋಟರಿನ ಕಾರ್ಬನ್ ಸವೆದಿತ್ತು. ವೈಂಡಿಂಗ್ ಅಂಗಡಿಯವರು ಮಿಕ್ಸಿಯ ಕಾರ್ಬನ್ ತಂದು, ಅರದಿಂದ ಉಜ್ಜಿ ಉಜ್ಜಿ ಅಳತೆಗೆ ಇಳಿಸಿದ್ದರಂತೆ. ಹಳೇ ಸ್ಪೀಡ್ ಕಂಟ್ರೋಲರಿನ ತಾಮ್ರದ ಪಟ್ಟಿಗಳಿಗೆ ಹಸಿರು ಕಿಲುಬು ಹಿಡಿದು ನಾನು ಎಸೆಯುವುದರಲ್ಲಿದ್ದೆ. ಅಕ್ಕ ದೇವರ ಸಾಮಾನು ತಿಕ್ಕುವಾಗ ಅದನ್ನೂ ಹುಣಸೆಹುಳಿ ಹಚ್ಚಿ ತಿಕ್ಕಿದ್ದಳು. ಫಳಫಳ ಹೊಳೆಯುತ್ತಿತ್ತು. ಚಾಲಕ ಮಾತ್ರ ಇರಲಿಲ್ಲ, ಅವನು ನನ್ನ ಕಪಾಟಿನಲ್ಲಿದ್ದ. ಆ ಸೀಟಿನಲ್ಲಿ ಅಳಿಯ ಒಂದು ಚಾಲಿ ಅಡಿಕೆ ಅಂಟಿಸಿ, ಪೆನ್ನಿನಿಂದ ಕಣ್ಣು ಮೀಸೆ ಬರೆದಿದ್ದ.

ಎರಡು ಕಡೆಯ ರೀತಿ ಹೋಲಿಸಿ ನೋಡಿದರೆ ನನಗೆ ಅನಿಸುವುದು ಇದು. ಜಪಾನಿನಲ್ಲಿ ರಿಪೇರಿ ಅಂದ್ರೆ ಡಬ್ಬಿ ತೆರೆದ ಮೊದಲ ದಿನಕ್ಕೆ ವಾಪಸು ಹೋಗುವುದು. ಅದಕ್ಕೆ ತಾಳ್ಮೆ ಬೇಕು, ಒಪ್ಪುತ್ತೇನೆ. ಆದರೆ ಕಂಪನಿಯೇ ಎಲ್ಲ ಭಾಗ ಮತ್ತೆ ಮಾಡಿ ಕೊಡುವಾಗ ಆ ತಾಳ್ಮೆಯ ಅರ್ಧ ಪಾಲು ಬರೀ ಖರೀದಿ. ನಾನು ಮಿಡತೆಯನ್ನು ಸರಿ ಮಾಡಲಿಲ್ಲ, ಕೊಂಡೆ. ಶಿರಸಿಯಲ್ಲಿ ಕೊಳ್ಳಲಿಕ್ಕೆ ಏನೂ ಸಿಗದ್ದಕ್ಕೆ ಒಂದೊಂದು ಭಾಗಕ್ಕೂ ಯಾರೋ ಕೂತು ತಲೆ ಓಡಿಸಬೇಕಾಯಿತು. ಆ ಟಯರಿನ ಹೊಲಿಗೆ ನನ್ನ ಗಾಡಿಯ ಯಾವ ಭಾಗಕ್ಕಿಂತಲೂ ಚಂದ ಇದೆ.

ಇನ್ನು ಡಬ್ಬಿಯ ವಿಚಾರ. ಕಿಟ್ ಬಂದ ರಟ್ಟಿನ ಡಬ್ಬಿಯನ್ನೂ ಮಡಿಕೆ ಬೀಳದ ಹಾಗೆ ಕಾಪಾಡುವ ಜನ ಹಮಾಮತ್ಸುವಿನವರು. ಅವರಲ್ಲೂ ಜೂನ್ ಬಂದರೆ ಮಳೆಗಾಲವೇ, ಆದರೆ ಕಪಾಟಿನಲ್ಲಿ ಸಿಲಿಕಾ ಜೆಲ್ ಚೀಲ, ಕೋಣೆಯಲ್ಲಿ ತೇವ ಹೀರುವ ಮಿಷನ್ನು. ಶಿರಸಿಯ ಮನೆಯಲ್ಲಿ ರಟ್ಟಿನ ಡಬ್ಬಿ ಇಟ್ಟು ನೋಡಿ. ಆಷಾಢ ಮುಗಿಯುವುದರೊಳಗೆ ಬೂಸ್ಟು, ನವರಾತ್ರಿಗೆ ಒರಲೆ. ನಮ್ಮವರಿಗೆ ಜೋಪಾನ ಗೊತ್ತಿಲ್ಲ ಅಂತ ಅಲ್ಲಿಯ ಕನ್ನಡ ಗೆಳೆಯರೇ ಆಡಿಕೊಳ್ಳುವಾಗ ನನಗೆ ಸಿಟ್ಟು ಬರುತ್ತದೆ. ಅಡಿಕೆಯನ್ನು ಮಳೆಯಿಂದ ಕಾಯುವವರಿಗೆ ಜೋಪಾನ ಕಲಿಸಬೇಕೇ? ಮತ್ತೆ ಇನ್ನೊಂದು, ರಬ್ಬರಿಗೆ ಡಬ್ಬಿಯ ಮರ್ಯಾದೆ ತಿಳಿಯುವುದಿಲ್ಲ. ಒಂದು ಸಲವೂ ನೆಲ ಮುಟ್ಟದ ಟಯರೂ ಒಳಗೇ ಬಿರಿಯುತ್ತದೆ, ನಾನೇ ನೋಡಿದ್ದೇನೆ.

ಹಾಗಂತ ಭಾವನ ಪಕ್ಷಕ್ಕೆ ಪೂರ್ತಿ ವಾಲಲಿಕ್ಕೂ ಮನಸ್ಸಿಲ್ಲ. ಅವರು ಗಾಡಿಗೆ ಹಾಕಿದ್ದು ಹಾಳಾದ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಕಿತ್ತ ಎರಡು ಲಿಥಿಯಂ ಸೆಲ್ಲು. ಹಳೇ ಸ್ಪೀಡ್ ಕಂಟ್ರೋಲರ್ ಬರೀ ತಾಮ್ರದ ಪಟ್ಟಿ ಜರುಗಿಸುವ ಸ್ವಿಚ್ಚು. ಬ್ಯಾಟರಿ ತೀರಾ ಇಳಿಯಿತು ಅಂತ ಅದಕ್ಕೆ ಗೊತ್ತಾಗುವುದಿಲ್ಲ, ತಾನಾಗಿ ನಿಲ್ಲಿಸುವುದೂ ಇಲ್ಲ. ಲಿಥಿಯಂ ಹಾಗೆ ಪೂರ್ತಿ ಇಳಿದರೆ ಕೆಡುತ್ತದೆ. ಅದನ್ನು ಮತ್ತೆ ಚಾರ್ಜಿಗೆ ಹಾಕಿದರೆ ಉಬ್ಬೀತು, ಬೆಂಕಿಯೂ ಹತ್ತೀತು. ಅದೂ ಅಡಿಕೆ ಸಿಪ್ಪೆಯ ರಾಶಿ ಪಕ್ಕ! "ಇಷ್ಟು ದಿನ ಎಂತಾ ಆಗ್ಲಿಲ್ಲ ಅಲ್ದಾ" ಅಂದರು. ಈ ಮಾತಿಗೆ ನನ್ನಲ್ಲಿ ಕ್ಷಮೆ ಇಲ್ಲ. ಅವತ್ತೇ ಸೆಲ್ಲು ಬಿಚ್ಚಿಸಿದೆ. ಈಗ ಆ ಗಾಡಿಗೆ 7.2 ವೋಲ್ಟಿನ ನಿಕ್ಕಲ್ ಬ್ಯಾಟರಿ. ಇನ್ನೊಂದು ಸಿಟ್ಟು, 27 ಮೆಗಾಹರ್ಟ್ಸಿನ ಹಳೇ ರಿಸೀವರ್ ಎಲ್ಲಿ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಗುಜರಿಯವ ಬಂದಿದ್ದನಂತೆ.

ಕಳೆದ ಸಲ ಎರಡೂ ಗಾಡಿ ಹಿಡಿದುಕೊಂಡು ಭಾವನ ಜೊತೆ ದೇವಿಮನೆ ಘಟ್ಟ ಇಳಿದೆ. ಹಡಗಿನ ಮಾಮ ಈಗ ಹೆಚ್ಚಾಗಿ ಹೊಸ ಮನೆಯ ಜಗಲಿಯಲ್ಲೇ ಇರುತ್ತಾರೆ. ನನ್ನ ಗಾಡಿಯನ್ನು ಮೊದಲು ಅವರ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ಎಲ್ಲ ಕಡೆ ತಿರುಗಿಸಿ ನೋಡಿದರು. ಬಿಳಿ ಬಾಡಿಯ ಮೇಲೆ ಬೆರಳಾಡಿಸಿದರು.

"ಚಲೋ ಉಂಟು. ಎಷ್ಟಕ್ಕೆ ತಕಂಡೆ?"

ನಿಮ್ಮದೇ ಮಾಮ ಇದು ಅನ್ನಲು ಬಾಯಿ ತೆರೆದವ ಸುಮ್ನಾದೆ. ಅಷ್ಟರಲ್ಲಿ ಅವರು ಇನ್ನೊಂದನ್ನು ಎತ್ತಿಕೊಂಡಾಗಿತ್ತು. ಮಗುಚಿ, ಚಾಸಿಯ ಅಡಿಯಲ್ಲಿ ಒಂದು ಕಡೆ ಹೆಬ್ಬೆರಳು ಇಟ್ಟರು. ಪ್ಲಾಸ್ಟಿಕ್ ಕರಗಿ ಗುಂಡಿ ಬಿದ್ದ ಜಾಗ ಅದು. ನಾನು ಹಮಾಮತ್ಸುವಿನಲ್ಲಿ ಆ ಚಾಸಿ ಬದಲಿಸಲು ಕೊಟ್ಟುಕೊಂಡ ಕಾರಣಗಳಲ್ಲಿ ಆ ಗುಂಡಿಯೂ ಒಂದು.

"ಇದು ನಾ ಸುಟ್ಟದ್ದು. ಸೋಲ್ಡರಿಂಗ್ ಐರನ್ ಕೆಳಗೆ ಇಡೂಕೆ ಹೋಗಿ. ನಿನ್ನ ಅತ್ತೆ ಬೈದಿದ್ಲು." ಅಡಿಕೆಯ ಚಾಲಕನನ್ನು ನೋಡಿ ನಕ್ಕರು. ಆಮೇಲೆ ರಿಮೋಟಿಗೆ ಕೈ ಚಾಚಿದರು.

ಬೀಚಿಗೆ ಹೋಗಲಿಲ್ಲ, ಅಷ್ಟು ಬುದ್ಧಿ ಬಂದಿದೆ. ಹಿತ್ತಲ ಆಚೆ ಕೊಯ್ಲಾದ ಗದ್ದೆ ಇತ್ತು. ಕೇರಿಯ ಹುಡುಗರು ಕ್ರಿಕೆಟ್ಟಿಗೆ ಕೂಳೆ ತುಳಿದು ನೆಲ ಗಟ್ಟಿ ಮಾಡಿದ್ದರು. ನಾಲ್ಕು ತೆಂಗಿನ ಸಿಪ್ಪೆ ಇಟ್ಟು ತಿರುವು ಗುರುತು ಮಾಡಿದೆವು. ಮಾಮನದ್ದು ಅಡಿಕೆ ಚಾಲಕ, ನನ್ನದು ಹೆಲ್ಮೆಟ್ ಚಾಲಕ. ಹಮಾಮತ್ಸುವಿನ ಹಾಗೆ ತಿರುವಿಗೊಬ್ಬ ನಿಲ್ಲಿ ಅಂತ ಹುಡುಗರಿಗೆ ಹೇಳಿದೆ. ಯಾರೂ ನಿಲ್ಲಲಿಲ್ಲ. ಗಾಡಿ ಮಗುಚಿದ ಕಡೆಗೆ ಹನ್ನೆರಡು ಜನವೂ ಓಡಿದರು. ಮೊದಲ ಸುತ್ತಿನಲ್ಲೇ ನನ್ನ ಬಿಳಿ ಬಾಡಿಗೆ ಗೀರು ಬಿತ್ತು. 540 ಮೋಟರಿನ ಮುಂದೆ 380 ಎಲ್ಲಿ ನಡೆಯುತ್ತದೆ? ಎರಡು ಸುತ್ತು ಹಿಂದೆ ಬಿದ್ದು ಸೋತೆ. ಹಮಾಮತ್ಸುವಿನಲ್ಲಾದರೆ ಇದು ನಿಯಮಕ್ಕೆ ವಿರುದ್ಧ ಅಂತ ಭಾವನಿಗೆ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ, ಬಂಪರಿನ ದಬ್ಬೆ ನೋಡುತ್ತಿದ್ದರು.

ಈ ಡಿಸೆಂಬರಿಗೆ ಭಾವ ಪಟ್ಟಿ ಕಳಿಸಿದ್ದಾರೆ. ಒಂದು ಜೆಐಎಸ್ ಡ್ರೈವರ್, ಪಿನಿಯನ್ ಗೇರು ಎರಡು, ಬ್ಯಾಟರಿ ತುಂಬಿದಾಗ ತಾನೇ ನಿಲ್ಲುವ ಚಾರ್ಜರು. ಟಯರು ಬೇಡವಂತೆ, ಹೊಲಿಗೆ ಇನ್ನೂ ಬಿಟ್ಟಿಲ್ಲ.