‘ಕ್ರೋಮ್‌ನ್ಯಾಗ ಬರ್ತೈತಿ, ಸಾಕು’ ಅನ್ನೋರಿಗೆ

ಹುಬ್ಬಳ್ಳಿಯಲ್ಲಿ ವೆಬ್‌ಸೈಟ್ ಮಾಡಿಸಲು ಬರುವವರಿಗೆ ‘ಬೇರೆ ಬ್ರೌಸರ್‌ನಲ್ಲೂ ಪರೀಕ್ಷೆ ಮಾಡಬೇಕು, ಎರಡು ದಿನ ಹೆಚ್ಚು ಹಿಡಿಯುತ್ತದೆ’ ಅಂದರೆ ಸಿಗುವ ಉತ್ತರ ಒಂದೇ: “ಕ್ರೋಮ್‌ನ್ಯಾಗ ಬರ್ತೈತಲ್ರಿ ಸರ, ಸಾಕ್ ಬಿಡ್ರಿ.” ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರೂ ಇದನ್ನೇ ಅಂತಾರೆ. ಸಾಲೂದಿಲ್ರಿ.

ಇದರ ಪೆಟ್ಟು ಕನ್ನಡಿಗರಿಗೆ ಹೊಸದಲ್ಲ. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೂ ವರ್ಷಗಟ್ಟಲೆ ಎಷ್ಟೋ ಕನ್ನಡ ತಾಣಗಳು ತಮ್ಮದೇ ಫಾಂಟಿಗೆ ಅಂಟಿಕೊಂಡಿದ್ದವು. ಫಾಂಟ್ ಇಳಿಸಿಕೊಳ್ಳದವರಿಗೂ ಕಾಣಲಿ ಎಂದು ಹಲವರು ಹಚ್ಚಿದ್ದು ಪುಟದ ಜೊತೆಗೇ ಫಾಂಟ್ ಕಳಿಸುವ ಮೈಕ್ರೋಸಾಫ್ಟ್‌ನ ‘ಇಒಟಿ’ ಮಾದರಿ. ಅದನ್ನು ಓದಬಲ್ಲ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಂದೇ. ಅದೇ ಪುಟವನ್ನು ಫೈರ್‌ಫಾಕ್ಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಎಲ್ಲರೂ ಒಪ್ಪಿದ ‘ವಾಫ್’ ಫಾಂಟ್ ಮಾದರಿ ವೆಬ್‌ನ ಮಾನಕಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಅಧಿಕೃತ ಶಿಫಾರಸಾಗಿದ್ದು 2012ರ ಡಿಸೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ಯೂನಿಕೋಡ್ ಬಿಟ್ಟು ಬರೆದಿಟ್ಟ ಕನ್ನಡದಲ್ಲಿ ಎಷ್ಟು ಇವತ್ತು ಗೂಗಲ್‌ನಲ್ಲಿ ಹುಡುಕಿದರೆ ಸಿಗುತ್ತದೆ? ನೆನೆದರೆ ಹೊಟ್ಟೆ ಉರಿಯುತ್ತದೆ.

ಎಕ್ಸ್‌ಪ್ಲೋರರ್ 6 ಬಂದದ್ದು 2001ರಲ್ಲಿ, 7 ಬಂದದ್ದು 2006ರಲ್ಲಿ. ಎದುರಾಳಿ ಬ್ರೌಸರ್ ನೆಟ್‌ಸ್ಕೇಪ್ ಸೋತ ಮೇಲೆ ಯಾವ ಅವಸರ? ನೆಟ್‌ಸ್ಕೇಪ್ ಬೆಳೆದರೆ ವಿಂಡೋಸ್‌ಗೇ ಕುತ್ತು ಎಂಬ ಭಯ ಮೈಕ್ರೋಸಾಫ್ಟ್‌ಗಿತ್ತು ಎಂದು ಅಮೆರಿಕದ ನ್ಯಾಯಾಲಯ 1999ರಲ್ಲೇ ಹೇಳಿತ್ತು. ಇತ್ತ, ಟೆಂಡರ್‌ನ ಡಿಜಿಟಲ್ ಸಹಿಗೆ ಎಕ್ಸ್‌ಪ್ಲೋರರ್ ಬೇಕೇ ಬೇಕು ಅಂತ ಹಳೇ ಕಂಪ್ಯೂಟರೊಂದನ್ನು ಜೋಪಾನ ಮಾಡಿದ ಗದಗಿನ ಗುತ್ತಿಗೆದಾರರನ್ನು ನಾನು ಬಲ್ಲೆ.

ಈಗ ಐಫೋನ್ ನೋಡ್ರಿ. ಅದರಲ್ಲಿ ಕ್ರೋಮ್ ಹಾಕಿಕೊಂಡರೂ ಒಳಗೆ ಓಡುವುದು ಆ್ಯಪಲ್‌ನ ವೆಬ್‌ಕಿಟ್, ಅಂದರೆ ಪುಟವನ್ನು ತೆರೆಯ ಮೇಲೆ ಮೂಡಿಸುವ ಎಂಜಿನ್. ಬೇರೆ ಎಂಜಿನ್‌ಗೆ ಮೊದಲು ದಾರಿ ಬಿಟ್ಟದ್ದು 2024ರಲ್ಲಿ, ಅದೂ ಯುರೋಪಿಯನ್ ಒಕ್ಕೂಟದಲ್ಲಿ, ಅಲ್ಲಿನ ಕಾನೂನಿನ ಒತ್ತಾಯಕ್ಕೆ. ಅಂದರೆ ನಿಮ್ಮ ಗಿರಾಕಿಯ ಕೈಯಲ್ಲಿರುವ ಕ್ರೋಮ್ ನೀವು ನೋಡಿ ‘ಸಾಕು’ ಅಂದ ಕ್ರೋಮ್ ಅಲ್ಲವೇ ಅಲ್ಲ! ವೆಬ್‌ಸೈಟಿನಿಂದ ಪುಶ್ ನೋಟಿಫಿಕೇಶನ್ ಕಳಿಸುವ ಸೌಲಭ್ಯ ಐಫೋನ್‌ಗೆ ಸಿಕ್ಕಿದ್ದು 2023ರಲ್ಲಿ, ಆಂಡ್ರಾಯ್ಡ್ ಕ್ರೋಮ್‌ಗೆ ಬಂದು ಎಷ್ಟೋ ವರ್ಷದ ಮೇಲೆ. ಆ್ಯಪ್ ಸ್ಟೋರ್‌ನ ಮಾರಾಟದಲ್ಲಿ ಶೇಕಡಾ 30ರವರೆಗೂ ಕಮಿಷನ್ ಮುರಿದುಕೊಳ್ಳುವ ಕಂಪನಿಗೆ ವೆಬ್‌ಸೈಟೇ ಆ್ಯಪ್‌ನ ಕೆಲಸ ಮಾಡಿದರೆ ನಷ್ಟ. ತಡಕ್ಕೆ ಕಾರಣ ಅದೇ ಎಂದು ನಾನು ನಂಬಿದ್ದೇನೆ.

ಗೂಗಲ್ ಕಥೆಯೂ ಬೇರೆಯಲ್ಲ. ಜಾಹೀರಾತಿನವರು ನಮ್ಮ ಬೆನ್ನು ಹತ್ತುವ ಥರ್ಡ್ ಪಾರ್ಟಿ ಕುಕಿಗಳನ್ನು ಆ್ಯಪಲ್‌ನ ಬ್ರೌಸರ್ ಸಫಾರಿ 2020ರಲ್ಲೇ ತಡೆಯಿತು. ಕ್ರೋಮ್ ತೆಗೀತೀವಿ, ತೆಗೀತೀವಿ ಅಂತ ಹೇಳಿ 2024ರಲ್ಲಿ ಮಾತು ಬದಲಿಸಿತು. ಸಫಾರಿಯಲ್ಲಿ ತನ್ನ ಹುಡುಕಾಟವೇ ಮೊದಲಿರಲಿ ಎಂದು 2022ರ ಒಂದೇ ವರ್ಷ ಆ್ಯಪಲ್‌ಗೆ ಗೂಗಲ್ ಕೊಟ್ಟದ್ದು 20 ಶತಕೋಟಿ ಡಾಲರ್. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಆದಾಯದ ಬಹುಪಾಲೂ ಗೂಗಲ್‌ನದೇ. ಬ್ರೌಸರ್ ಪುಕ್ಕಟೆ ಸಿಗುವುದು ಇಂಥ ಲೆಕ್ಕಾಚಾರದ ಮೇಲೆ. ಒಪೆರಾ, ಮೈಕ್ರೋಸಾಫ್ಟ್‌ನ ಎಡ್ಜ್ ಎರಡೂ ಬ್ರೌಸರ್ ಸ್ವಂತ ಎಂಜಿನ್ ಬಿಟ್ಟು ಕ್ರೋಮ್‌ನ ತಳಹದಿಯಾದ ಗೂಗಲ್‌ನ ಕ್ರೋಮಿಯಂಗೆ ಹೋದ ಮೇಲಂತೂ ವೆಬ್‌ನ ಯಾವ ಮಾನಕ ಉಳಿಯಬೇಕು, ಯಾವುದು ಸಾಯಬೇಕು ಎಂಬುದು ಹೆಚ್ಚುಕಡಿಮೆ ಒಂದೇ ಮನೆಯ ತೀರ್ಮಾನ.

ಆ ಕಂಪನಿಗಳನ್ನು ಇಲ್ಲಿ ಕುಂತು ನಾವು ತಿದ್ದಲಾರೆವು. ನಮ್ಮ ಊರಿನ ಟೆಂಡರ್ ತಿದ್ದಬಹುದು. ಪಾಲಿಕೆ, ಎಪಿಎಂಸಿ, ಕಾಲೇಜು ಯಾವುದೇ ಇರಲಿ, ವೆಬ್‌ಸೈಟ್ ಮಾಡಿಸುವಾಗ ಒಂದು ಷರತ್ತು ಸೇರಿಸಲಿ: ಬ್ಲಿಂಕ್ (ಕ್ರೋಮ್), ವೆಬ್‌ಕಿಟ್ (ಸಫಾರಿ), ಗೆಕ್ಕೊ (ಫೈರ್‌ಫಾಕ್ಸ್) ಮೂರೂ ಎಂಜಿನ್‌ಗಳಲ್ಲಿ ಕನ್ನಡ ಪುಟ, ಅರ್ಜಿ, ಹಣ ಪಾವತಿ ನಡೆದು ತೋರಿಸಿದ ಮೇಲೆಯೇ ಕೊನೆಯ ಬಿಲ್ ಪಾಸ್.