ಹೃದಯದ ಕ್ಯಾಲ್ಸಿಯಂ ಪ್ರೋಟೀನ್ ಬಗ್ಗೆ ಒಂದು ಸ್ಪಷ್ಟನೆ

‘ಕ್ಯಾಲ್ಸೆಕ್ವೆಸ್ಟ್ರಿನ್ ಎಂಬ ಪ್ರೋಟೀನ್ ಹಾಲಿನ ಕ್ಯಾಲ್ಸಿಯಂ ಕೂಡಿಟ್ಟು ರಕ್ತನಾಳ ಬ್ಲಾಕ್ ಮಾಡುತ್ತದೆ’ ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು.

ಈ ಪ್ರೋಟೀನ್ ಕೆಲಸ ಮಾಡುವುದು ಹೃದಯದ ಸ್ನಾಯುಕೋಶದ ಒಳಗಿನ ಪುಟ್ಟ ಚೀಲಗಳಲ್ಲಿ. ಪ್ರತಿ ಬಡಿತಕ್ಕೂ ಅಲ್ಲಿಂದ ಕ್ಯಾಲ್ಸಿಯಂ ಹೊರಬಂದು ಸ್ನಾಯು ಬಿಗಿಯಾಗುತ್ತದೆ. ಮರುಕ್ಷಣವೇ ಅದು ಬಹುಪಾಲು ಒಳಗೆ ವಾಪಸ್. ಅದಕ್ಕೇ ಈ ಪ್ರೋಟೀನ್ ಕ್ಯಾಲ್ಸಿಯಂ ಅನ್ನು ಸಡಿಲವಾಗಿ ಹಿಡಿದಿರುತ್ತದೆ. ಗಟ್ಟಿ ಕಟ್ಟಿಬಿಟ್ಟರೆ ಹೃದಯ ಬಡಿಯುವುದಾದರೂ ಹೇಗೆ?

ತೊಂದರೆ ಬರುವುದು ಇದರ ಜೀನ್ ಕೆಟ್ಟಾಗ. 2001ರಲ್ಲಿ ಇಸ್ರೇಲ್‌ನ ಬೆದೂಯಿನ್ ಕುಟುಂಬಗಳಲ್ಲಿ ಇದು ಪತ್ತೆಯಾಯಿತು. ಹೀಗೆ ಬರುವ, ಹೃದಯದ ಬಡಿತ ಏರುಪೇರಾಗುವ ಸಿಪಿವಿಟಿ ಎಂಬ ಅಪರೂಪದ ಕಾಯಿಲೆ ಇರುವ ಮಕ್ಕಳು ಓಡುವಾಗ, ಗಾಬರಿಯಾದಾಗ ಪ್ರಜ್ಞೆ ತಪ್ಪಬಹುದು. ಸುಮ್ನೆ ಮಲಗಿಸಿ ತೆಗೆದ ಇಸಿಜಿ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಫಿಟ್ಸ್ ಅಂತ ತಪ್ಪು ತಿಳಿಯುವುದೂ ಉಂಟು. ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದರೆ ಬಡಿತದ ಏರುಪೇರು ಹೆಚ್ಚಾಗಿ ಕಾಣುತ್ತದೆ.